ಹುಣಸಿದೊಡ್ಡಿಗೆ ಫ್ರಾನ್ಸ್ ಬಂದ ಶನಿವಾರ

ಮಿರ್ಚಿ ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಯಾರೂ ಓದುವುದಿಲ್ಲ. ಮಹಾದೇವಪ್ಪ ಮಾಸ್ತರರು ಓದಿದರು. ಅಲ್ಲಿಂದ ಶುರುವಾಯಿತು.

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಬಜ್ಜಿ ಹೊಟ್ಟೆಗೆ ಹೋದ ಮೇಲೆ, ಎಣ್ಣೆ ಕುಡಿದು ಕನ್ನಡಿಯಂತಾದ ಆ ಹಾಳೆಯ ಮೇಲೆ ಬೇರೆ ಬೇರೆ ದೇಶದ ಶಾಲಾ ಮಕ್ಕಳ ಊಟದ ತಟ್ಟೆಗಳ ಚಿತ್ರಗಳು ಕಂಡವು. ಶುಕ್ರವಾರ ಮಧ್ಯಾಹ್ನದ ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಹುಣಸಿದೊಡ್ಡಿಯ ಸರ್ಕಾರಿ ಶಾಲೆಯಲ್ಲಿ ಅವರು ಉತ್ಸಾಹದಿಂದ ಪಾಠ ಮಾಡಿದರು. ಫ್ರಾನ್ಸಿನ ಮಕ್ಕಳು ಊಟವನ್ನು ಕಂತುಕಂತಾಗಿ ಮಾಡುತ್ತಾರೆ. ಮೊದಲು ಕಾಯಿಪಲ್ಯ, ಆಮೇಲೆ ಬ್ರೆಡ್ಡಿನ ಜೊತೆ ಅಡುಗೆ, ಆಮೇಲೆ ಚೀಸು, ಕೊನೆಗೆ ಹಣ್ಣು. ಅವಸರವೆಂಬುದೇ ಇಲ್ಲ. ಜಪಾನಿನಲ್ಲಿ ಮಕ್ಕಳೇ ಬಿಳಿ ಟೊಪ್ಪಿಗೆ ಹಾಕಿಕೊಂಡು ಒಬ್ಬರಿಗೊಬ್ಬರು ಬಡಿಸುತ್ತಾರೆ. ಅನ್ನ, ಸಾರು, ಮೀನು. ಬ್ರೆಜಿಲಿನಲ್ಲಿ ಅನ್ನದ ಜೊತೆ ಬೇಯಿಸಿದ ಕಾಳು.

"ಚೀಸಂದ್ರ ಏನ್ರಿ ಸರ?" ಎಂದಿತು ಒಂದು ಮಗು.

"ನಮ್ಮ ಗಿಣ್ಣದಂಗ ಇರ್ತದ," ಎಂದರು ಮಾಸ್ತರರು, ತಾವೂ ತಿಂದಿರದ ಕಾರಣ ಸ್ವಲ್ಪ ಗಟ್ಟಿಯಾಗಿ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಕ್ಕಳ ತಲೆಯಲ್ಲಿ ಉಳಿಯಲಿ ಎಂದು, "ಮುಂದಿನ ಸಾಲು ಫ್ರಾನ್ಸ್, ನಡುವಿನ ಸಾಲು ಜಪಾನ್, ಹಿಂದಿನ ಸಾಲು ಬ್ರೆಜಿಲ್. ನೆನಪಿರಲಿ!" ಎಂದುಬಿಟ್ಟರು. ಮಕ್ಕಳು ಮನೆಗೆ ಹೋಗುವಾಗ ಪಾಠವನ್ನು ಅರ್ಧ ಮರೆತರು, ಸಾಲನ್ನು ಮಾತ್ರ ಮರೆಯಲಿಲ್ಲ.

ಶನಿವಾರ ಮುಂಜಾನೆ ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು, ಊರಿಗೆ ಹೋಗುವ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಶಾಲೆಗೆ ಹೊರಟರು. ಅರ್ಧ ದಿನದ ಶಾಲೆ ಮುಗಿಸಿ ಯಾದಗಿರಿ ಬಸ್ಸು ಹಿಡಿಯುವುದು ಅವರ ಪದ್ಧತಿ. ಈಚೆಗೆ ಒಂದು ವಾರ ಸಭೆ, ಇನ್ನೊಂದು ವಾರ ಗಣತಿ ಎಂದು ಆ ಪದ್ಧತಿ ತಪ್ಪುತ್ತಲೇ ಬಂದಿತ್ತು. ಯಾದಗಿರಿಯಲ್ಲಿದ್ದ ಹೆಂಡತಿ ಮರಿಲಿಂಗಮ್ಮ ಫೋನಿನಲ್ಲಿ ಹೆಚ್ಚು ಮಾತಾಡಿರಲಿಲ್ಲ.

"ಇವತ್ತೂ ಬರಲಿಲ್ಲಂದ್ರ ರೇಶನ್ ಕಾರ್ಡೂ ಅಲ್ಲೇ ಮಾಡಿಸ್ಕೊಳ್ರಿ," ಎಂದು ಇಟ್ಟುಬಿಟ್ಟಿದ್ದಳು.

ಶಾಲೆಯ ಬಾಗಿಲಲ್ಲಿ ಸಂಗಣ್ಣ ನಿಂತಿದ್ದ. ಕಾಲುವೆಯ ಮೇಲ್ಭಾಗದಲ್ಲಿ ಹೊಲವಿದ್ದು, ಬಂದ ನೀರಿಗೆಲ್ಲ ಮೊದಲು ಕೈಯೊಡ್ಡುವ ದೊಡ್ಡ ರೈತ. ಹಂಚಿನ ಮೇಲಿನ ರೊಟ್ಟಿಯಂತೆ ಮುಖ ಉಬ್ಬಿತ್ತು.

"ಏನ್ರಿ ಮಾಸ್ತರ, ನನ್ನ ಮೊಮ್ಮಗ ಬ್ರೆಜಿಲ್ಲೇನು?"

"ಅಲ್ರಿ ಸಂಗಣ್ಣ, ಅದು ಬರೇ ಪಾಠಕ್ಕ..."

"ಪಾಠಕ್ಕಾದ್ರೂ ಬ್ರೆಜಿಲ್ ಯಾಕ? ನಮ್ಮ ಮನಿಯಾಗ ಸೋನಾಮಸೂರಿ ಬೆಳಿತೀವಿ, ಹುಡುಗ ಕಾಳು ತಿನ್ಬೇಕೇನು? ತಾಯಪ್ಪನ ಮಗ ಫ್ರಾನ್ಸಂತ! ಟೇಲೆಂಡಿನಾಗ ಮುಳ್ಳು ಬೆಳ್ಯೋ ತಾಯಪ್ಪ! ಇದ್ಯಾವ ಇನ್ಸಾಫ್ರಿ?"

"ನಿಮ್ಮ ಹುಡುಗ ತಡಾ ಮಾಡಿ ಬಂದು ಹಿಂದ ಕುಂತಿದ್ದ, ಅಷ್ಟೇ. ಮುಂದಿನ ವಾರ ಸಾಲು ಬದಲು ಮಾಡೋಣ," ಎಂದರು ಮಾಸ್ತರರು, ಬಸ್ಸಿನ ಚಿಂತೆಯಲ್ಲಿ.

ಬೆನ್ನ ಹಿಂದಿನಿಂದ ಇನ್ನೊಂದು ದನಿ ಬಂತು. ತಾಯಪ್ಪನದು. ಕಾಲುವೆಯ ತುತ್ತತುದಿಯ ಟೇಲೆಂಡಿನಲ್ಲಿ ಅವನ ಹೊಲ. ಮಗನ ಫ್ರಾನ್ಸ್ ಊಟಕ್ಕೆ ಬ್ರೆಡ್ಡಿನ ಬದಲಿಗೆಂದು ಮಕ್ತುಮಸಾಬನ ಚಹದಂಗಡಿಯಲ್ಲಿದ್ದ ಬನ್ನೆಲ್ಲ ಕೊಂಡು, ಒಲ್ಲಿಯಲ್ಲಿ ಕಟ್ಟಿಕೊಂಡು ಬಂದಿದ್ದ.

"ಮುಂದಿನ ವಾರ, ಮುಂದಿನ ವಾರ! ಕಾಲುವಿಗೂ ಹಿಂಗೇ ಹೇಳ್ಕೊಂತ ಬಂದಾರ್ರಿ ಮಾಸ್ತರ. ನೀರು ಮೊದಲು ಮ್ಯಾಲಿನವ್ರಿಗಿ, ಗೊಬ್ಬರ ಮೊದಲು ಮ್ಯಾಲಿನವ್ರಿಗಿ. ಕಾಲುವಿ ಬಂದಾಗಿಂದ ಟೇಲೆಂಡಿಗಿ ಮೊದಲು ಬಂದದ್ದು ಇದೊಂದೇ. ಫ್ರಾನ್ಸ್ ನಾವು ಬಿಡಾಂಗಿಲ್ಲ."

ಮಾಸ್ತರರಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ತಾಯಪ್ಪನ ಕಣ್ಣಲ್ಲಿ ತಮಾಷೆಯಿರಲಿಲ್ಲ.

"ಮತ್ತ ಗಿಣ್ಣ ಎಲ್ಲಿ ಸಿಗ್ತದ್ರಿ? ಹುಡುಗ ಫ್ರಾನ್ಸಿಗಿ ಗಿಣ್ಣ ಬೇಕೇ ಬೇಕಂತಾನ," ಎಂದು ಅವನು ಕೇಳಿದ.

ಊರಲ್ಲಿ ಆ ವಾರ ಈದಿದ್ದು ಒಂದೇ ಎಮ್ಮೆ, ಅದು ಸಂಗಣ್ಣನದು. ಸಂಗಣ್ಣ ಮೀಸೆಯಡಿ ನಕ್ಕ. "ಬ್ರೆಜಿಲ್ಲಿನ ಎಮ್ಮಿ ಫ್ರಾನ್ಸಿಗಿ ಹಾಲು ಕೊಡಾಂಗಿಲ್ಲಪ್ಪ."

ಇಬ್ಬರೂ ಒಬ್ಬರ ಅಂಗಿಗೊಬ್ಬರು ಕೈ ಹಾಕುವ ಮೊದಲೇ ಮಾಸ್ತರರು ಗಂಟೆ ಬಾರಿಸಿದರು. ಅಂದು ಮಕ್ಕಳಿಗೆ ಲೆಕ್ಕ ಬಿಟ್ಟು ಬೇರೇನೂ ಹೇಳಬಾರದೆಂದು ಶಪಥ ಮಾಡಿ, ಊಟದ ಹೊತ್ತಿನವರೆಗೆ ಮಗ್ಗಿ ಹೇಳಿಸಿದರು.

ಊಟದ ಹೊತ್ತಿಗೆ ಮಗ್ಗಿ ಉಪಯೋಗಕ್ಕೆ ಬರಲಿಲ್ಲ.

ಬಿಸಿಯೂಟದ ಲಾಲಮ್ಮ ಸಾಂಬಾರಿನ ಪಾತ್ರೆ ಪಡಸಾಲೆಗೆ ತಂದಿಟ್ಟಳೋ ಇಲ್ಲವೋ, ನಡುವಿನ ಸಾಲು ಎದ್ದು ನಿಂತಿತು. ತಲೆಗೆ ಅಪ್ಪಂದಿರ ಬಿಳಿ ಟೊಪ್ಪಿಗೆ. ಕೆಲವು ಕಿವಿ ಮುಚ್ಚಿ ಮೂಗಿನವರೆಗೆ ಇಳಿದಿದ್ದವು.

"ಸೌಟು ಕೊಡಬೇ ಲಾಲವ್ವ. ಜಪಾನಿನಾಗ ಹುಡುಗ್ರೇ ಬಡಿಸ್ತಾರ."

"ಯಾವನಲೇ ಅವ ಜಪಾನ? ನಿಮ್ಮಪ್ಪ ಮೂಗು ಒರೆಸ್ಕೊಳ್ಳೋ ಹೊತ್ತಿನಾಗೂ ನಾನೇ ಅಡಿಗಿ ಮಾಡಾಕಿ!" ಎಂದಳು ಲಾಲಮ್ಮ. ಆದರೆ ಜಪಾನು ಸಂಖ್ಯೆಯಲ್ಲಿ ದೊಡ್ಡದಿತ್ತು. ಸೌಟು ಕೈ ತಪ್ಪಿತು. "ಹಂಗಾದ್ರ ನಾಳಿಂದ ಅಡಿಗೀನೂ ಜಪಾನೇ ಮಾಡ್ಲಿ," ಎಂದು ಸೆರಗು ಝಾಡಿಸಿ ಬೇವಿನ ಮರದ ಕೆಳಗೆ ಹೋಗಿ ಕೂತಳು.

ಜಪಾನು ಬಡಿಸಿತು. ಅರ್ಧ ತಟ್ಟೆಗೆ, ಅರ್ಧ ಪಡಸಾಲೆಗೆ. ಫ್ರಾನ್ಸು ಕಾಲುವೆಗೆ ಇಳಿದ ಎಮ್ಮೆಗಳಂತೆ ಗಂಭೀರವಾಗಿ ಕೂತು, ಸಾಂಬಾರಿನಿಂದ ಬದನೆಕಾಯಿ ಹೋಳನ್ನಷ್ಟೇ ಆರಿಸಿ ತಿಂದು, ಎರಡನೆಯ ಕಂತಿಗೆ ಕಾಯತೊಡಗಿತು. ಬ್ರೆಜಿಲ್ಲು ತಾಯಪ್ಪ ಕೊಟ್ಟುಹೋಗಿದ್ದ ಬನ್ನಿಗಾಗಿ ಫ್ರಾನ್ಸಿನ ಮೇಲೆ ಏರಿಹೋಯಿತು.

"ಏ, ಜಲ್ದಿ ಉಣ್ರೋ! ನನ್ನ ಬಸ್ಸು ಹೋಗ್ತದ!" ಎಂದು ಮಾಸ್ತರರು ಕೂಗಿದರು.

"ಫ್ರಾನ್ಸಿನಾಗ ಅವಸರ ಇಲ್ರಿ ಸರ, ನೀವೇ ಹೇಳೀರಿ," ಎಂದ ತಾಯಪ್ಪನ ಮಗ.

ಮಾಸ್ತರರು ಸೌಟು ಕಸಿದುಕೊಳ್ಳಲು ಹೋಗಿ ಇಸ್ತ್ರಿ ಅಂಗಿಯ ಮೇಲೆ ಸಾಂಬಾರಿನ ನಕಾಶೆ ಬರೆಸಿಕೊಂಡರು. ಅಷ್ಟರಲ್ಲಿ ಕೆಳಗಿನ ಓಣಿಯಿಂದ ಜನ ಓಡಿ ಬರುವ ಸದ್ದಾಯಿತು. ಮುಂದೆ ತಾಯಪ್ಪ, ಹೆಗಲ ಮೇಲೆ ಸಲಿಕೆ.

"ನೀರು ನಿಂತದ! ನಮ್ಮ ಪಾಳಿ ಇವತ್ತು, ಕಾಲುವಿಯಾಗ ಹನಿ ನೀರಿಲ್ಲ! ಫ್ರಾನ್ಸ್ ಸಿಗಲಿಲ್ಲಂತ ಸಂಗಣ್ಣ ಕಾಲುವಿ ಗೇಟ್ ಇಳಿಸ್ಯಾನ!"

ಮೇಲಿನ ಓಣಿಯಿಂದ ಸಂಗಣ್ಣನೂ ತನ್ನ ಮಂದಿಯೊಡನೆ ಬಂದ. "ಬಾಯಿ ಬಿಗಿ ಹಿಡಿ! ಗೇಟಿನ ಕಡಿ ನಾನು ಹೋಗೇ ಇಲ್ಲ!"

ಊರು ಶಾಲೆಯ ಅಂಗಳದಲ್ಲಿ ಎರಡು ಪಾಲಾಗಿ ನಿಂತಿತು. ನಡುವೆ ಮಹಾದೇವಪ್ಪ ಮಾಸ್ತರರು, ಒಂದು ಕೈಯಲ್ಲಿ ಸೌಟು, ಹೆಗಲಲ್ಲಿ ಚೀಲ. ಸಲಿಕೆಗಳು ಮೇಲೇಳತೊಡಗಿದ್ದವು. ಯಾರೋ ಕಾಲುವೆ ಆಫೀಸಿಗೆ ಫೋನು ಮಾಡಿದ್ದರು. ಧೂಳೆಬ್ಬಿಸಿಕೊಂಡು ಜೀಪು ಬಂದು ನಿಂತಿತು. ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ಇಳಿದರು.

"ಗೇಟ್ ಯಾರು ಇಳಿಸಿದ್ರು?"

ದೊಡ್ಡ ಟೊಪ್ಪಿಗೆಯ ಕೆಳಗಿನಿಂದ ಒಂದು ಸಣ್ಣ ದನಿ ಹೇಳಿತು: "ಜಪಾನಿನವ್ರು ಇಳಿಸ್ಯಾರ್ರಿ."

ಸಾಹೇಬರು ಅಂಗಿಯ ಗುಂಡಿ ಸರಿಮಾಡಿಕೊಂಡರು. "ಜಪಾನಿನವ್ರು ಬಂದಾರೇನು? ಆಫೀಸಿನಿಂದ ನನಗ್ಯಾರೂ ತಿಳಿಸೇ ಇಲ್ಲಲ್ಲ!"

"ಫ್ರಾನ್ಸಿನವ್ರ ಭತ್ತ ಒಣಗಾಕತ್ತದ್ರಿ ಸಾಹೇಬ್ರ," ಎಂದ ತಾಯಪ್ಪ.

"ಫ್ರಾನ್ಸಿನವ್ರಿಗಿ ಇಲ್ಲಿ ಹೊಲ ಮಂಜೂರು ಮಾಡಿದ್ಯಾರ್ರಿ?"

ಇಡೀ ಊರು ಒಟ್ಟಿಗೆ ಮಾಸ್ತರರ ಕಡೆ ಬೆರಳು ತೋರಿಸಿತು.

ಆಗ ಜನರ ನಡುವಿನಿಂದ ಖಂಡಪ್ಪ ಮುಂದೆ ಬಂದ. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಒದ್ದಾಡುವ ಮೀನಿನ ಬುಟ್ಟಿ. ಅವನ ಮಗಳು ನಡುವಿನ ಸಾಲಿನವಳು. "ತಪ್ಪಾತ್ರಿ ಸಾಹೇಬ್ರ. ನಮ್ಮ ಹುಡುಗಿ ಜಪಾನಿಗಿ ಮೀನು ಬೇಕಂತ ರಾತ್ರೆಲ್ಲ ಅತ್ತಳ್ರಿ. ಗೇಟಿನ ಕೀಲಿ ಮುರದು ವರ್ಷಾತು. ಗೇಟ್ ಪೂರಾ ಇಳಿಸಿದ್ರ ಕೆಳಗಿನ ತೆಗ್ಗಿನಾಗ ಮೀನು ನಿಲ್ತಾವ. ಹಿಡದು, ಎತ್ತೋದು ಮರತು ಬಂದೀನ್ರಿ."

ಒಬ್ಬನನ್ನು ಗೇಟು ಎತ್ತಲು ಓಡಿಸಿ, ಸಾಹೇಬರು ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಬಜ್ಜಿಯಿಂದ ಹಿಡಿದು ಬದನೆಕಾಯಿಯವರೆಗೆ ಎಲ್ಲ ಹೇಳಿದರು. ಹೇಳುತ್ತ ಹೋದಂತೆ ಸಾಹೇಬರ ಮುಖ ಬಿಗಿಯಾಗುತ್ತ ಹೋಯಿತು. ಶಿಕ್ಷಣ ಇಲಾಖೆಗೆ ದೂರು ಖಂಡಿತ ಎಂದು ಮಾಸ್ತರರಿಗೆ ಖಾತ್ರಿಯಾಯಿತು. ದೊಡ್ಡ ಅಧಿಕಾರಿ ಬಂದನೆಂದು ಲಾಲಮ್ಮ ಬೇವಿನ ಮರ ಬಿಟ್ಟೆದ್ದು, ಮಾಸ್ತರರ ಕೈಯಿಂದ ಸೌಟು ಕಿತ್ತುಕೊಂಡು ಸಾಹೇಬರಿಗೆ ಒಂದು ತಟ್ಟೆ ಬಡಿಸಿದಳು.

ಸಾಹೇಬರು ಒಂದು ತುತ್ತು ಉಂಡರು. "ಇದು ಯಾವ ದೇಶದ್ದಮ್ಮ?"

"ಲಾಲಮ್ಮಂದು," ಎಂದಳು ಅವಳು.

ಬಿಗಿ ಹಿಡಿದಿದ್ದ ನಗು ಸಾಹೇಬರ ಬಾಯಿಂದ ಅನ್ನದ ಸಮೇತ ಹೊರಬಂತು. ಊರೂ ನಕ್ಕಿತು. ಸಲಿಕೆಗಳು ಕೆಳಗಿಳಿದವು. ಮಾಸ್ತರರು ನಿಟ್ಟುಸಿರು ಬಿಟ್ಟು ಚೀಲ ಸರಿಮಾಡಿಕೊಂಡರು. ಇನ್ನೂ ಬಸ್ಸು ಬಂದಿರಲಿಲ್ಲ. ನಸೀಬು ಒಳ್ಳೆಯದೇ ಇತ್ತು.

"ಇವತ್ತೇ ಒಂದು ಫೈಸಲಾ ಮಾಡಿಬಿಡ್ತೀನಿ," ಎಂದು ಸಾಹೇಬರು ಕೈ ತೊಳೆದು, ಜೀಪಿನಿಂದ ಒಂದು ಹೊಸ ಬೀಗ ತರಿಸಿದರು. "ಗೇಟಿಗಿ ಇದನ್ನ ಹಾಕ್ಸ್ತೀನಿ. ಕೀಲಿಕೈ ಯಾರ ಹತ್ರ ಇರ್ಬೇಕು?"

"ನನ್ನ ಹತ್ರ," ಎಂದ ಸಂಗಣ್ಣ.

"ಇವನ ಹತ್ರ ಇದ್ರ ಗೇಟ್ ಏಳಾಂಗೇ ಇಲ್ಲ. ನನಗ ಕೊಡ್ರಿ," ಎಂದ ತಾಯಪ್ಪ.

"ಇವನಿಗಿ ಕೊಟ್ರ ಇಳ್ಯಾಂಗೇ ಇಲ್ಲ!"

ಮತ್ತೆ ಸಲಿಕೆಗಳು ಅಲುಗಾಡಿದವು. ಸಾಹೇಬರು ಸುತ್ತ ನೋಡಿದರು. ಎಲ್ಲರೂ ಒಂದೋ ಮೇಲಿನವರು, ಇಲ್ಲವೇ ಕೆಳಗಿನವರು. ಅಂಗಳದ ನಡುವೆ ಸಾಂಬಾರು ಅಂಗಿಯ ಒಬ್ಬರೇ ಒಬ್ಬರು ಯಾವ ಕಡೆಗೂ ಸೇರದೆ ನಿಂತಿದ್ದರು.

"ಮಾಸ್ತರ, ನಿಮಗ ಹೊಲ ಅದ ಏನು?"

"ಇಲ್ರಿ," ಎಂದರು ಮಾಸ್ತರರು. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನಿಸಿತು.

ಸಂಗಣ್ಣ ಮೀಸೆ ತೀಡಿದ. "ಖರೇ ಹೇಳ್ಬೇಕಂದ್ರ, ಎದುರಿಗಿ ನಿಂತು ಜಗಳಾಡಿದ್ರೂ ನಮ್ಮ ಹುಡುಗನ್ನ ಮುಂದ ಕುಂಡ್ರಿಸಲಿಲ್ಲ ನೋಡ್ರಿ. ಹಿಂತಾ ಮನುಷ್ಯಾ ನೀರಿನಾಗೂ ಮೋಸ ಮಾಡಾಂಗಿಲ್ಲ. ಕೊಡ್ರಿ."

"ನನ್ನ ಮಗನಿಗಿ ಮೊದಲನೇ ಸಾಲು ಕೊಟ್ಟವ್ರು," ಎಂದ ತಾಯಪ್ಪ. "ನನಗೂ ಒಪ್ಪಿಗಿ."

"ಸಾಹೇಬ್ರ, ನಾನು ಮಾಸ್ತರ ಇದೀನ್ರಿ, ನೀರಗಂಟಿ ಅಲ್ರಿ..."

"ನೀರಗಂಟಿ ಜಾಗಾ ಖಾಲಿ ಐತ್ರಿ. ಹೆಚ್ಚು ಕೆಲಸಿಲ್ಲ. ಟೇಲೆಂಡಿನ ಪಾಳಿ ಶನಿವಾರ, ಆಯ್ತವಾರ. ಆ ಎರಡು ದಿನ ಊರು ಬಿಡದೇ ಗೇಟ್ ಕಾಯ್ರಿ, ಅಷ್ಟೇ. ಉಳಿದ ದಿನ ಎಲ್ಲಿಗಿ ಬೇಕಾದ್ರೂ ಹೋಗ್ರಿ."

ಉಳಿದ ದಿನ ಶಾಲೆಯಿರುತ್ತದೆ ಎಂದು ಮಾಸ್ತರರು ಹೇಳುವಷ್ಟರಲ್ಲಿ ಕೀಲಿಕೈ ಅವರ ಅಂಗೈಯಲ್ಲಿತ್ತು, ಜೀಪು ಧೂಳಿನಲ್ಲಿತ್ತು.

ಅಷ್ಟು ಹೊತ್ತಿಗೆ ಹಾರ್ನು ಕೇಳಿಸಿತು. ಸುರಪುರದ ಕಡೆಯಿಂದ ಬಂದ ಯಾದಗಿರಿ ಬಸ್ಸು ಶಾಲೆಯ ಮುಂದೆ ನಿಂತಿತು. ಕಂಡಕ್ಟರ್ ರಾಜಾಸಾಬ ಬಾಗಿಲಲ್ಲಿ ಜೋತುಬಿದ್ದು ಕೂಗಿದ:

"ಮಾಸ್ತರ, ಜಲ್ದಿ ಬರ್ರಿ! ಕಿಡಕಿ ಸೀಟ್ ಹಿಡದು ಇಟ್ಟೀನಿ!"

ಮಹಾದೇವಪ್ಪ ಮಾಸ್ತರರು ಚೀಲ ಅವುಚಿಕೊಂಡು ಒಂದು ಹೆಜ್ಜೆ ಮುಂದಿಟ್ಟರು. ಸಂಗಣ್ಣ ಒಂದು ತೋಳು ಹಿಡಿದ, ತಾಯಪ್ಪ ಇನ್ನೊಂದು. ಕಾಲುವೆ ಬಂದಂದಿನಿಂದ ಯಾವ ಮಾತಿಗೂ ಕೂಡದಿದ್ದ ಮೇಲ್ಭಾಗವೂ ಟೇಲೆಂಡೂ ಅಂದು ಮೊದಲ ಸಲ ಒಂದೇ ದನಿಯಲ್ಲಿ ಕೂಗಿದವು:

"ಮಾಸ್ತರ ಬರಾಂಗಿಲ್ಲ, ಬಿಡ್ರಿ ಬಸ್ಸು!"