ಭಾಗಾಕಾರಕ್ಕೆ ಅರ್ಧ ಚೀಲ ಜೋಳ

ಮಕ್ಕಳಿಗೆ ಗಣಿತ ಕಲಿಸುವುದು ಹೇಗೆಂದು ಇಡೀ ಹುನಗುಂದ ತಾಲೂಕಿನಲ್ಲಿ ನನ್ನೊಬ್ಬಳಿಗೇ ಗೊತ್ತು ಎಂಬ ನಂಬಿಕೆ ನನಗೆ ಬಂದದ್ದು ಬಾಗಲಕೋಟೆಯ ಒಂದು ತರಬೇತಿಯಲ್ಲಿ. ಪಾಠವನ್ನು ಜೀವಂತಗೊಳಿಸುವ ಬಗೆಯನ್ನು ಅಲ್ಲಿ ಒಬ್ಬ ಮಹಾನುಭಾವರು ಒಂದು ವಾರ ಕಣ್ಣು ಮುಚ್ಚಿಕೊಂಡು ಹೇಳಿದರು. ನಾವೂ ಕಣ್ಣು ಮುಚ್ಚಿಕೊಂಡೇ ಕೇಳಿದೆವು. ಆದರೂ ಎರಡು ಮಾತು ನನ್ನ ಕಿವಿಗೆ ಬಿದ್ದವು. ಮಕ್ಕಳು ಮಾತಾಡಬೇಕು, ಪಾಠದ ಸಾಮಗ್ರಿ ಮಕ್ಕಳ ಬದುಕಿನಿಂದಲೇ ಬರಬೇಕು. ನನ್ನಂಥವಳು ಹಾಳಾಗಲು ಅಷ್ಟು ಸಾಕಾಯಿತು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಮರೋಳದ ಸಾಲೆಯಲ್ಲಿ ನಾಲ್ಕನೆಯ ತರಗತಿಯ ಟೀಚರು. ನಮ್ಮವರು ಬಾಗಲಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತರು. ನಮ್ಮ ಸಂಸಾರ ಶನಿವಾರ ಸಂಜೆ ಶುರುವಾಗಿ ರವಿವಾರ ಸಂಜೆ ಮುಗಿಯುತ್ತಿತ್ತು. ಬಾಗಲಕೋಟೆಗೆ ವರ್ಗಾವಣೆ ಕೊಡಿ ಎಂದು ನಾನು ಹಾಕಿದ ಅರ್ಜಿ ಇನ್ಸ್‌ಪೆಕ್ಟರ್ ಸಾಹೇಬರ ಮೇಜಿನ ಮೇಲಿತ್ತು. ಅವರೇ ನಮ್ಮ ಸಾಲೆಯ ತಪಾಸಣೆಗೆ ಬರುವವರಿದ್ದರು. ಪಾಠ ಮೆಚ್ಚಿದರೆ ಅರ್ಜಿಗೆ ಸಹಿ ಬಿದ್ದ ಹಾಗೆಯೇ ಎಂದು ಹೆಡ್ಮಾಸ್ತರು ಭರವಸೆ ಕೊಟ್ಟಿದ್ದರು.

ಪಾಠಯೋಜನೆಯನ್ನು ಮೂರು ಬಣ್ಣದ ಶಾಯಿಯಲ್ಲಿ ಬರೆದೆ. ತರಗತಿಯ ನಡುವೆ ಜೋಳದ ರಾಶಿ. ಮಕ್ಕಳು ಸೇರಿನಿಂದ ಅಳೆಯುತ್ತಾರೆ. ನಾನು ಕೇಳುತ್ತೇನೆ, ಅವರು ಪಟಪಟ ಹೇಳುತ್ತಾರೆ. ಕೊನೆಗೆ ರಾಶಿಯನ್ನು ನಾಲ್ಕು ಸಮಪಾಲು ಮಾಡಿ ಭಾಗಾಕಾರವನ್ನು ಕಣ್ಣಾರೆ ಕಾಣುತ್ತಾರೆ. ಸೇರಿನ ಅಳತೆಯನ್ನು ಸರಕಾರ ಎಂದೋ ಕೈಬಿಟ್ಟಿತ್ತು, ಮರೋಳ ಬಿಟ್ಟಿರಲಿಲ್ಲ.

“ಲೆಕ್ಕದ ಕ್ಲಾಸಿಗೆ ಜ್ವಾಳ ಯಾಕ?” ಎಂದರು ನಮ್ಮವರು. “ಪುಸ್ತಕದಾಗ ಮಾವಿನಹಣ್ಣಿನ ಚಿತ್ರ ಇರತಾವಲ್ಲ, ಅವನ್ನ ತೋರಿಸಿ ಮುಗಸು.”

“ನಿಮಗ ತಿಳಿಯೂದಿಲ್ಲ, ಸುಮ್ನ ಕೂಡ್ರಿ. ಇದು ಚಟುವಟಿಕಿ ಪದ್ಧತಿ.”

“ನೀ ಇಬ್ಬರಿಗೆ ಅಂತ ಅಕ್ಕಿ ಹಾಕಿದ್ರ ಆರು ಮಂದಿಗೆ ಅನ್ನ ಆಗತದ. ಅಳತಿ ಪಾಠ ಮಾಡಾಕಿ ನೀನ?”

ಇಂಥವರಿಂದಲೇ ದೇಶದ ಶಿಕ್ಷಣ ಹಿಂದುಳಿದಿದೆ ಎಂದುಕೊಂಡು ಬಸ್ಸು ಹತ್ತಿದೆ.

ಜೋಳ ಕೊಡಲು ಒಪ್ಪಿದವರು ಮಾಳಪ್ಪ ಕಾಕಾ. ಬೀರಪ್ಪನ ಭಕ್ತರು, ಹೊಲವೂ ಕುರಿಯೂ ಇದ್ದ ದೊಡ್ಡ ಮನೆಯ ಹಿರಿಯರು. ಯಾರೂ ಕೇಳದಿದ್ದರೂ ಊರಿಗೆಲ್ಲ ಬುದ್ಧಿ ಹೇಳುವುದು ಅವರ ಮುಖ್ಯ ಉದ್ಯೋಗ. ಇಪ್ಪತ್ನಾಲ್ಕು ಸೇರು ಕೇಳಿದ್ದೆ. ತಪಾಸಣೆಯ ದಿನ ಅರ್ಧ ಚೀಲ ತಾವೇ ಹೊತ್ತು ತಂದರು. ತಂದವರು ಹೋಗಲಿಲ್ಲ.

“ಕಾಳು ನಂದು. ನಾನೂ ಇಲ್ಲೇ ಕುಂದರತೇನಿ,” ಎಂದು ಗೋಡೆಗೆ ಆತು ಕೂತರು.

‘ಸಮುದಾಯದ ಸಹಭಾಗಿತ್ವ’ ಎಂದು ಯೋಜನೆಯಲ್ಲಿ ನಾಲ್ಕನೆಯ ಬಣ್ಣದಿಂದ ಸೇರಿಸಿಕೊಂಡೆ. ಅಷ್ಟು ಜಾಣೆ ನಾನು! ಕರಿಹಲಗೆಯ ಹಿಂಬದಿಯಲ್ಲಿ ಉತ್ತರವನ್ನೂ ಬರೆದಿಟ್ಟೆ. ಕೊನೆಗೆ ಹಲಗೆ ತಿರುಗಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಬೇಕಿತ್ತು.

ಜೋಳವನ್ನು ಗೋಣಿತಟ್ಟಿನ ಮೇಲೆ ಸುರಿದದ್ದೇ ತಡ, ಮಕ್ಕಳೆಲ್ಲ ಎದ್ದು ಹಿಂದೆ ಸರಿದರು. ಒಬ್ಬ ಹುಡುಗಿ ಓಡಿಹೋಗಿ ಸಗಣಿಯ ಉಂಡೆಗೆ ಗರಿಕೆ ಚುಚ್ಚಿ ತಂದು ರಾಶಿಯ ತುದಿಯಲ್ಲಿ ಕೂರಿಸಿದಳು. ಕಾಕಾ ಒಲೆಯ ಬೂದಿ ತರಿಸಿ ಸುತ್ತಲೂ ಗೆರೆ ಎಳೆದರು. ನನ್ನ ಬೋಧನಾ ಸಾಮಗ್ರಿ ನೋಡನೋಡುತ್ತಲೇ ಕಣದ ರಾಶಿಯಾಗಿ, ಕೈಮುಗಿಯುವ ದೇವರಾಗಿ ಹೋಯಿತು.

ಅಷ್ಟರಲ್ಲಿ ಸಾಹೇಬರು ಬಂದರು. ಹಿಂದೆ ಹೆಡ್ಮಾಸ್ತರು.

“ಸಾಹೇಬ್ರ, ಬೂಟು ಹೊರಗ ಬಿಡ್ರಿ. ರಾಶಿ ಐತಿ,” ಎಂದರು ಕಾಕಾ, ಕೂತಲ್ಲಿಂದಲೇ.

ಹೆಡ್ಮಾಸ್ತರ ಮುಖ ಸುಣ್ಣದಂತಾಯಿತು. ಸಾಹೇಬರು ಒಂದು ಗಳಿಗೆ ದಿಟ್ಟಿಸಿ, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು. ಇಷ್ಟು ವರ್ಷ ಸಾಲೆ ಸಾಲೆಯಲ್ಲಿ ಉಪ್ಪಿಟ್ಟು ತಿಂದು ಬೆಳೆಸಿದ ಹೊಟ್ಟೆ ಬಗ್ಗಲು ಬಿಡುತ್ತಿರಲಿಲ್ಲ. ನನ್ನ ವರ್ಗಾವಣೆ ಅಲ್ಲೇ ಉಸಿರುಗಟ್ಟಿತು ಎಂದುಕೊಂಡೆ.

“ಮಕ್ಕಳೇ, ಈ ರಾಶಿಯಲ್ಲಿ ಎಷ್ಟು ಸೇರು ಜೋಳ ಇರಬಹುದು?” ತಪಾಸಣೆಗೆಂದೇ ತೆಗೆದಿಟ್ಟ ಪುಸ್ತಕದ ಕನ್ನಡದಲ್ಲಿ ಕೇಳಿದೆ.

ಯಾರೂ ತುಟಿ ಬಿಚ್ಚಲಿಲ್ಲ. ದಿನಾಲೂ ಸಾಲೆಯ ಹಂಚು ಹಾರಿಸುವ ಮಕ್ಕಳು ಕೈಕಟ್ಟಿ ನಿಂತಿದ್ದರು. ಮುದ್ದು ಮಾಡಿ ಕೇಳಿದೆ, ಗದರಿಸಿ ಕೇಳಿದೆ.

“ರಾಶಿ ಮುಂದ ಮಾತಾಡಬಾರದ್ರಿ ಅಕ್ಕೋರ,” ಎಂದು ಒಬ್ಬಳು ಪಿಸುಗುಟ್ಟಿದಳು. ಉಳಿದವರು ಅವಳನ್ನೂ ಸುಮ್ಮನಾಗಿಸಿದರು. ಮಕ್ಕಳು ಮಾತಾಡಬೇಕಾದ ಪಾಠದಲ್ಲಿ ಮಾತಾಡುತ್ತಿದ್ದವಳು ನಾನೊಬ್ಬಳೇ!

ಇರಲಿ, ಅಳೆಯಲಿ ಎಂದು ಲೆಕ್ಕದಲ್ಲಿ ಜಾಣನಾದ ಹನುಮಂತನನ್ನು ಕರೆದೆ. ಅವನು ಸೇರು ತುಂಬಿ, ಹಣೆಗೆ ಮುಟ್ಟಿಸಿ, ಚೀಲಕ್ಕೆ ಸುರಿದು “ಲಾಭ” ಎಂದ. ಮುಂದಿನದಕ್ಕೆ “ಎರಡು” ಎಂದ.

“ನಿಲ್ಲು. ಮೊದಲನೆಯದು ಎಷ್ಟು?”

“ಲಾಭ ರೀ.”

“ಒಂದು ಅನ್ನಬೇಕು.”

ಹನುಮಂತ ಸೇರು ಕೆಳಗಿಟ್ಟು ಕಾಕಾನ ಮುಖ ನೋಡಿದ.

“ಒಂದ ಅಂದ್ರ ಒಂದಕ್ಕ ನಿಂದರತೈತಿ ರೀ ಅಕ್ಕೋರ,” ಎಂದರು ಕಾಕಾ. “ಲಾಭ ಅಂದ್ರ ಬೆಳಿತೈತಿ. ಇಷ್ಟೂ ಗೊತ್ತಿಲ್ದ ಹುಡುಗರಿಗೆ ಏನ ಕಲಸ್ತೀರಿ?”

ಸಾಹೇಬರ ಎದುರು ಸೋಲುವುದೇ? ಸೇರು ನಾನೇ ತೆಗೆದುಕೊಂಡು, ತುಂಬಿ, “ಒಂದು” ಎಂದು ಗಟ್ಟಿಯಾಗಿ ಹೇಳಿ ಸುರಿದೆ. ಮಕ್ಕಳು ಬಾಯಿ ಮೇಲೆ ಕೈ ಇಟ್ಟುಕೊಂಡರು. ಕಾಕಾ ಎದ್ದು ಬಂದು, ಅಳೆದದ್ದನ್ನೆಲ್ಲ ಮರಳಿ ರಾಶಿಗೆ ಸುರಿದು, “ಮೊದಲಿಂದ” ಎಂದರು.

“ಲಾಭಾನ ಇರಲಿ ಬಿಡ್ರಿ ಟೀಚರ್,” ಎಂದರು ಸಾಹೇಬರು. ಅವರ ದನಿಯೇ ಬದಲಾಗಿತ್ತು. “ನಮ್ಮಪ್ಪನೂ ಹಿಂಗ ಎಣಸ್ತಿದ್ದ,” ಎಂದವರೇ ತೋಳು ಮಡಚಿ, ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೇರು ಕೈಗೆತ್ತಿಕೊಂಡರು. ತಪಾಸಣೆಗೆ ಬಂದವರು ಅಳೆಯತೊಡಗಿದರು. ಪಾಠ ಮಾಡಬೇಕಾದ ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ.

ರಾಶಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲವಂತೆ. ಅಳೆಯುತ್ತಿರುವಾಗಲೇ ಕಾಕಾ ಹೆಡ್ಮಾಸ್ತರಿಗೆ, ಜವಾನನಿಗೆ, ಕಿಟಕಿಯಲ್ಲಿ ಇಣುಕಿದವರಿಗೆಲ್ಲ ಬೊಗಸೆ ಬೊಗಸೆ ಕೊಟ್ಟರು. ಸುದ್ದಿ ಹಬ್ಬಿ ಕಿಟಕಿಯಲ್ಲಿ ಸಾಲು ನಿಂತಿತು. ಸಾಹೇಬರ ಎಣಿಕೆ ಹತ್ತೊಂಬತ್ತಕ್ಕೆ ಮುಗಿಯಿತು. ಹತ್ತೊಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಶೇಷದ ಪಾಠ ಮುಂದಿನ ತಿಂಗಳಿಗಿತ್ತು!

“ಈಗ ಇದನ್ನು ನಾಲ್ಕು ಪಾಲು ಮಾಡೋಣ,” ಎಂದೆ, ಹಟಕ್ಕೆ ಬಿದ್ದು.

ಕಾಕಾ ಚೀಲದ ಬಾಯಿ ಕಟ್ಟಿಬಿಟ್ಟರು. “ನಾವು ನಾಕ ಮಂದಿ ಅಣತಮ್ಮರು ಇನ್ನೂ ಒಂದ ಒಲಿ ಮ್ಯಾಲಿಂದ ಉಣತೇವಿ. ನಮ್ಮ ಜ್ವಾಳ ನಾಕ ಪಾಲ ಮಾಡಿ ನಮ್ಮ ಮನಿ ಒಡೀತೀರೇನ್ರಿ?”

ಚೀಲ ಹೊತ್ತು ನಡೆದರು. ಮಕ್ಕಳು ಅವರ ಹಿಂದೆ ಹೋದರು. ನಾನು ಹಲಗೆ ತಿರುಗಿಸಿದೆ. ಇಪ್ಪತ್ನಾಲ್ಕು ಭಾಗಿಸು ನಾಲ್ಕು, ಉತ್ತರ ಆರು. ಚಪ್ಪಾಳೆ ತಟ್ಟಲು ಸಗಣಿಯ ಉಂಡೆ ಮಾತ್ರ ಉಳಿದಿತ್ತು.

ಹೊರಗೆ ಸಾಹೇಬರು ಬೂಟು ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕರವಸ್ತ್ರದಲ್ಲಿ ಕಟ್ಟಿದ ಜೋಳ.

“ಟೀಚರ್, ಇಷ್ಟು ವರ್ಷದ ನೌಕರ್ಯಾಗ ಇಂಥಾ ಪಾಠ ನೋಡಿದ್ದಿಲ್ಲ,” ಎಂದರು.

ಆ ಒಂದು ಮಾತಿಗೆ ನಾನು ಮನಸ್ಸಿನಲ್ಲೇ ಬಾಗಲಕೋಟೆಯಲ್ಲಿ ಮನೆ ಹಿಡಿದು, ಹಾಲು ಉಕ್ಕಿಸಿ, ಕಿಟಕಿಗೆ ಪರದೆಯನ್ನೂ ಕಟ್ಟಿದೆ.

“ನಿಮ್ಮ ಅರ್ಜಿ ಬಂದೈತಿ. ಅದಕ್ಕ ಬ್ಯಾಡ ಅಂತ ಬರೀತೇನಿ. ಊರಿನ ಕೂಡ ಇಷ್ಟು ಬೆರೆತವ್ರು ಹಳ್ಯಾಗ ಇರಬೇಕು. ಬಾಗಲಕೋಟಿಗೆ ಯಾರ ಹೋದ್ರೂ ನಡೀತೈತಿ.”

“ಸಾಹೇಬ್ರ, ಖರೆ ಹೇಳಬೇಕಂದ್ರ ಪಾಠ ಪೂರಾ ಕೆಟ್ಟಿತ್ರಿ,” ಎಂದು ಅಂಗಲಾಚಿದೆ.

“ನೋಡ್ರಿ, ಎಷ್ಟು ವಿನಯ,” ಎಂದು ಅವರು ಹೆಡ್ಮಾಸ್ತರ ಕಡೆಗೆ ತಿರುಗಿದರು. ಹೆಡ್ಮಾಸ್ತರು ತಲೆಯಾಡಿಸಿದರು. ಆ ಮನುಷ್ಯ ಹುಟ್ಟಿದ್ದೇ ಅದಕ್ಕೆ.

ಶನಿವಾರ ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ, ಅದೇ ದೊಡ್ಡ ಉಪಕಾರ.

“ಅಂದ್ರ, ಭಾಗಾಕಾರ ಆಗಲೇ ಇಲ್ಲೇನು?” ಎಂದರು ಕೊನೆಗೆ.

“ಆತಲ್ಲ,” ಎಂದೆ. “ನೀವು ಇಲ್ಲಿ, ನಾ ಅಲ್ಲಿ.”