ಮೇಷ್ಟ್ರು ನಿಷೇಧಿಸಿದ ಕ್ರಿಯಾಪದ

ಇಂಗ್ಲಿಷ್ ಮೇಷ್ಟ್ರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು ಶತ್ರು: ‘ಅಡ್ಜಸ್ಟ್’ ಎಂಬ ಕ್ರಿಯಾಪದ. ಮೂವರು ಕೂರುವ ಸೀಟಿಗೆ ನಾಲ್ಕನೆಯವರು ತೂರಿಕೊಳ್ಳುವಾಗ ಅದೇ ಪದ. ಅಡುಗೆಗೆ ಉಪ್ಪು ಹೆಚ್ಚಾದರೆ ಅದೇ ಪದ. ದರ್ಜಿ ಹೊಲಿದ ಷರಟಿನ ಒಂದು ತೋಳು ಗಿಡ್ಡವಾದಾಗಲೂ ಅದೇ ಉಪದೇಶ (ಷರಟಿಗಲ್ಲ, ಮೇಷ್ಟ್ರ ಕೈಗೆ!).

ಹೀಗಿರುವಾಗ ಹೆಂಡತಿ ಬಾಗಿಲಲ್ಲಿ ನಿಂತು ರಾಗ ಎಳೆದಳು. “ರೀ, ಅಮ್ಮನಿಗೆ ಮಂಡಿ ಆಪರೇಷನ್ ಆಯ್ತಲ್ಲ, ನಾಳೆ ಇಲ್ಲಿಗೇ ಕರ್ಕೊಂಡು ಬರ್ತೀನಿ. ಬಚ್ಚಲು ಪಕ್ಕದಲ್ಲಿರೋದು ನಿಮ್ಮ ಓದೋ ರೂಮೊಂದೇ. ನೀವು ಸ್ವಲ್ಪ ಅಡ್ಜಸ್ಟ್...”

“ನಿಲ್ಸು!” ಮೇಷ್ಟ್ರು ಗುಡುಗಿದರು. ಇಡೀ ಮನೆಯಲ್ಲಿ ಅವರು ಚಿಲಕ ಹಾಕಿಕೊಳ್ಳಬಹುದಾಗಿದ್ದ ಕೋಣೆ ಅದೊಂದೇ. “ಆ ಪದದ ಕುಲಗೋತ್ರ ಗೊತ್ತಾ ನಿನಗೆ? ಲ್ಯಾಟಿನ್‌ನಲ್ಲಿ ಹುಟ್ಟಿದಾಗ ಅದಕ್ಕೆ ‘ಪಕ್ಕಕ್ಕೆ ತರೋದು’ ಅಂತ ಅರ್ಥ. ಫ್ರೆಂಚರ ಮನೇಲಿ ಬೆಳೀತು. ಇಂಗ್ಲಿಷರ ಮನೇಲಿ ಗಡಿಯಾರ ಸರಿಮಾಡ್ಕೊಂಡು, ಕನ್ನಡಕ ಸರಿಮಾಡ್ಕೊಂಡು ಮಾನವಾಗಿ ದುಡೀತಿತ್ತು. ನಮ್ಮ ಕೈಗೆ ಸಿಕ್ಕಿದ್ಮೇಲೆ ಅದಕ್ಕೆ ಮನುಷ್ಯರನ್ನ ಮೂಲೆಗೆ ತಳ್ಳೋದೇ ಕೆಲಸ!”

“ನಾನೂ ಅಮ್ಮನ್ನ ನಮ್ಮ ಪಕ್ಕಕ್ಕೇ ತರ್ತಿರೋದು. ಲ್ಯಾಟಿನ್ ಪ್ರಕಾರ ಸರಿಯಾಗೇ ಇದೆಯಲ್ಲ?”

ಉತ್ತರ ಹೊಳೆಯದ ಗಂಡಸರು ಮಾಡುವಂತೆ ಮೇಷ್ಟ್ರೂ ಒಂದು ರಾಜಾಜ್ಞೆ ಹೊರಡಿಸಿದರು: ಇಂದಿನಿಂದ ಈ ಮನೆಯಲ್ಲಿ ಯಾರೂ ಆ ಪದವನ್ನು ಉಚ್ಚರಿಸಕೂಡದು. ಪದವೇ ಇಲ್ಲದ ಮೇಲೆ ಕೋಣೆ ಬಿಟ್ಟುಕೊಡಿ ಎಂದು ಕೇಳುವುದಾದರೂ ಹೇಗೆ?

“ಆಯ್ತು ಬಿಡಿ,” ಎಂದಳು ಹೆಂಡತಿ. ಅಷ್ಟು ಬೇಗ ಒಪ್ಪಿದಾಗಲೇ ಅವರಿಗೆ ಅನುಮಾನ ಬರಬೇಕಿತ್ತು.

ಮರುದಿನ ಸಂಜೆ ಕಾಲೇಜಿನಿಂದ ಬಂದು ಮುಂಬಾಗಿಲು ತಳ್ಳಿದರೆ, ಅದು ಅರ್ಧಕ್ಕೇ ನಿಂತಿತು. ಬಾಗಿಲ ಹಿಂದೆ ಅವರ ಹಾಸಿಗೆ ಇತ್ತು. ಮೇಜು ಅಡುಗೆಮನೆ ಸೇರಿ, ಅದರ ಮೇಲೆ ಈರುಳ್ಳಿ ಬುಟ್ಟಿ ಕೂತಿತ್ತು. ಕೋಣೆಯಲ್ಲಿ ಅತ್ತೆಯವರು ಮಂಚದ ಮೇಲೆ ಕಾಲು ಚಾಚಿ ಒರಗಿದ್ದರು. ಮಂಡಿ ಮಡಿಸಲು ಕಷ್ಟವಾಗದಿರಲೆಂದು ಮಂಚವನ್ನು ಎತ್ತರಿಸಲಾಗಿತ್ತು. ನಾಲ್ಕು ಕಾಲಿನ ಅಡಿಯಲ್ಲಿ ಮೇಷ್ಟ್ರ ನಾಲ್ಕು ಸಂಪುಟದ ನಿಘಂಟು!

“ಒಂದು ಮಾತು ಕೇಳ್ಬಾರ್ದಾ?” ಮೇಷ್ಟ್ರ ಧ್ವನಿ ಕೀರಲಾಯಿತು.

“ಏನಂತ ಕೇಳ್ಲಿ? ಕೇಳೋ ಪದಾನೇ ನಿಲ್ಲಿಸಿಬಿಟ್ರಲ್ಲ,” ಎಂದಳು ಹೆಂಡತಿ, ಈರುಳ್ಳಿ ಆರಿಸುತ್ತಾ.

ಅಲ್ಲಿಂದ ಮುಂದೆ ಯಾರೂ ಅವರನ್ನು ಏನೂ ಕೇಳಲಿಲ್ಲ. ಫ್ಯಾನು ಅತ್ತೆಯ ಕಡೆ ತಿರುಗಿತು. ಆರಾಮ ಕುರ್ಚಿ ಸದ್ದಿಲ್ಲದೆ ಕೋಣೆಗೆ ನಡೆಯಿತು. ಅವರು ಓದುತ್ತಿರುವಾಗಲೇ ಮಗಳು ಬಂದು ದೀಪ ಆರಿಸಿ, “ಅಜ್ಜಿಗೆ ಬೆಳಕು ಚುಚ್ಚುತ್ತಂತೆ ಅಪ್ಪ,” ಎಂದು ಹೋದಳು. ಹಿಂದೆಲ್ಲ ಆ ಹಾಳು ಪದ ಕಿವಿಗೆ ಬಿದ್ದ ಮೇಲೆ ಮುಖ ಗಂಟು ಹಾಕಿ, ನಾಲ್ಕು ಬಾರಿ ಆಗುವುದಿಲ್ಲ ಎಂದು, ಕೊನೆಗೆ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳುವ ಸುಖವಾದರೂ ಇತ್ತು. ಈಗ ಕಳೆದುಕೊಳ್ಳುವುದು ಹಾಗೇ ಇತ್ತು, ಗೊಣಗುವ ಅವಕಾಶ ಮಾತ್ರ ಹೋಗಿತ್ತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡೆನಲ್ಲ ಎಂದು ಮೇಷ್ಟ್ರು ಬಹಳ ನೊಂದುಕೊಂಡರು.

ಭಾನುವಾರ ಬೆಳಿಗ್ಗೆ ಅವರು ಈರುಳ್ಳಿ ಬುಟ್ಟಿಯ ಪಕ್ಕ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಅತ್ತೆ ಕೋಲೂರಿಕೊಂಡು ಬಂದರು. ಅವರಿಗೆ ರಾಜಾಜ್ಞೆಯ ವಿಷಯ ಯಾರೂ ಹೇಳಿರಲಿಲ್ಲ.

“ಅಳಿಯಂದ್ರೆ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕಾಗುತ್ತಾ?”

ಮೇಷ್ಟ್ರ ಎದೆಯ ಮೇಲಿದ್ದ ಬಂಡೆ ಸರಿಯಿತು. ಕಣ್ಣಲ್ಲಿ ನೀರಾಡಿತು (ಈರುಳ್ಳಿಯದೂ ಸ್ವಲ್ಪ ಪಾಲಿತ್ತು). ಕೊನೆಗೂ ಈ ಮನೆಯಲ್ಲಿ ಒಬ್ಬರು ತಮ್ಮನ್ನು ಕೇಳಿದರು!

“ಧಾರಾಳವಾಗಿ ಅತ್ತೆ! ಅದಕ್ಕೆ ಕೇಳ್ಬೇಕಾ? ಖಂಡಿತ!” ಎಂದುಬಿಟ್ಟರು, ಏನು ಎತ್ತ ಎಂದು ವಿಚಾರಿಸದೆ.

“ದೇವರಂಥ ಅಳಿಯ ನೀವು. ಡಾಕ್ಟ್ರು ಇನ್ನೊಂದು ಮಂಡೀನೂ ಮಾಡಿಸ್ಕೊಂಡುಬಿಡಿ ಅಂದ್ರು. ಅದೂ ಮುಗಿಸ್ಕೊಂಡೇ ಹೋಗ್ತೀನಿ. ಅಲ್ಲೀವರೆಗೆ ನಿಮ್ಮ ಮಾವನೋರು ಒಬ್ರೇ ಏನು ಮಾಡ್ತಾರೆ ಪಾಪ! ನಾಳೆ ಬರ್ತಾರೆ. ಹಾಲಲ್ಲಿ ನಿಮ್ಮ ಜೊತೇಲೇ ಮಲಗ್ತಾರಂತೆ. ಒಂಚೂರು ಗೊರಕೆ, ಅಷ್ಟೆ.”

ಮೇಷ್ಟ್ರು ಕೆಂಪು ಪೆನ್ನಿನ ಕ್ಯಾಪು ಮುಚ್ಚಿ, ಮೆಲ್ಲಗೆ ಎದ್ದು ಹಾಲಿಗೆ ಹೋಗಿ, ತಮ್ಮ ಹಾಸಿಗೆಯನ್ನು ಗೋಡೆಯ ಕಡೆಗೆ ಒಂದಿಷ್ಟು ಸರಿಸಿದರು. ಆದರೂ ಮನಸ್ಸು ಮಾತ್ರ ಹೂವಿನಷ್ಟು ಹಗುರವಾಗಿತ್ತು. ಏನೇ ಆಗಲಿ, ಕೇಳಿದರಲ್ಲ.