ಹಿನ್ನೀರಿನೊಳಗೆ ಹುಲೇಕಲ್

ಯಲ್ಲಾಪುರ ತಾಲೂಕಿನಲ್ಲಿ ಸಮುದ್ರ ಇಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು, ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವನು ನನ್ನ ಸೋದರಮಾವ ಒಬ್ಬನೇ. ಇಲ್ಲದಿದ್ದರೆ ಹದಿನಾಲ್ಕು ಅಡಿಯ ದೋಣಿಗೆ, ಕಡಲಿಗೆ ಹೋಗುವವರು ಇಟ್ಟುಕೊಳ್ಳುವ ಯಂತ್ರವನ್ನು ಯಾರಾದರೂ ತರಿಸುತ್ತಾರೆಯೇ? ಉಪಗ್ರಹ ನೋಡಿ ದಾರಿ ಹೇಳುವುದು, ನೀರಿನ ಆಳ ಅಳೆಯುವುದು, ಎರಡೂ ಒಂದೇ ಡಬ್ಬಿಯಲ್ಲಿ!

ಮಾವನ ಮನೆ ಇಡಗುಂದಿಯಿಂದ ಒಳಗೆ, ಹಿನ್ನೀರಿನ ಆಚೆ ದಡದಲ್ಲಿ. ಈಚೆ ಬರಲು ದೋಣಿಯೇ ಗತಿ; ಇಲ್ಲವೆಂದರೆ ಕಾಡಿನಲ್ಲಿ ಅರ್ಧ ದಿನದ ನಡಿಗೆ. ಎರಡು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಿಗ್ಗೆ, ಆ ದೋಣಿ ನೀರೊಳಗಿದ್ದ ಮತ್ತಿ ಮರದ ಬೊಡ್ಡೆಗೆ ಬಡಿದು ಮಗುಚಿತು. ಅತ್ತೆಯನ್ನು ಮಾವ ಜಡೆ ಹಿಡಿದು ಎಳೆದು ಬದುಕಿಸಿದ. ಅವತ್ತಿನಿಂದ ಅತ್ತೆ ದೋಣಿ ಹತ್ತಿಲ್ಲ. ಅವಳ ಮಂಡಿನೋವಿಗೆ ಕಾಡಿನ ದಾರಿ ಆಗದು. ತೊಂಬತ್ತು ದಾಟಿದ ಅವಳ ತಾಯಿ ಇರುವುದು ಹುಲೇಕಲ್ಲಿನಲ್ಲಿ, ಮಗನ ಮನೆಯಲ್ಲಿ. ಫೋನಿನಲ್ಲಿ ಆ ಮುದುಕಿ ಕೇಳುವುದು ಒಂದೇ ಮಾತು, "ಯಾವಾಗ ಬತ್ತೆ ಮಗಳೇ?" ಅತ್ತೆ ಪ್ರತಿ ಸಲವೂ "ಬಪ್ಪ ವಾರ" ಅನ್ನುತ್ತಾಳೆ. ಹಾಗೆ ಎರಡು ವರ್ಷದ ವಾರಗಳೆಲ್ಲ ಕಳೆದವು.

ಹೆಂಡತಿಯ ಹೆದರಿಕೆಗೆ ಬೇರೆಯವರಾದರೆ ದೇವರಿಗೆ ಹರಕೆ ಹೊರುತ್ತಿದ್ದರು. ಮಾವ ಕರಾವಳಿಯಿಂದ ಪೆಟ್ಟಿಗೆ ತರಿಸಿದ. ತಂದುಕೊಟ್ಟವರು ಯಲ್ಲಾಪುರದ ಟೆಂಪೋ ಸಾಹೇಬರು, ಅವನ ಹಳೇ ದೋಸ್ತ್. ಆಳ ಅಳೆಯುವ ಈ ಯಂತ್ರವನ್ನು ಕಂಪನಿಯವರು ಮಾರುವುದೇ ಮೀನು ಹುಡುಕುವವರಿಗೆ. ಹಾಗಾಗಿ ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಭಾರೀ ಮೀನಿನ ಚಿತ್ರ. ಶ್ರಾದ್ಧದ ಊಟಕ್ಕೆ ಹೊರಟ ನಾಲ್ವರು ವೈದಿಕರು ಇಡಗುಂದಿಯಲ್ಲಿ ಬಸ್ಸು ಕಾಯುತ್ತಿದ್ದಾರೆ, ಅವರೆದುರೇ ಸಾಹೇಬರು ಮಾವನನ್ನು ಕೂಗಿದರು, "ಭಟ್ಟರೇ, ನಿಮ್ಮ ಮೀನಿನ ಮಷೀನ್ ಬಂದೈತ್ರಿ."

ಬೆಳ್ಳುಳ್ಳಿಗೂ ತಿಥಿ ನೋಡುವ ಮನೆ ಅದು! ಸುದ್ದಿ ಮಾವನಿಗಿಂತ ಮೊದಲೇ ಹಿನ್ನೀರು ದಾಟಿ ಮನೆ ಸೇರಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಅದ್ನ ಒಳಗೆ ತರಡ."

"ಮೀನು ಕಂಡ್ರೆ ಎಂತದೂ ಇಲ್ಲೆ. ತಿಂದ್ರೆ ಮಾತ್ರ ಪಾಪ," ಅಂದ ಮಾವ. ಯಂತ್ರ ಕೊಟ್ಟಿಗೆಯಲ್ಲಿ ಉಳಿಯಿತು.

ಆಗ ಶಿರಸಿಯಲ್ಲಿದ್ದ ನನಗೆ ಬುಲಾವ್ ಬಂತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮೊದಲು ಮಾಡಿದ ಪುಣ್ಯಕಾರ್ಯವೆಂದರೆ ಪರದೆಯ ಮೇಲೆ ಮೀನು ಮೂಡದಂತೆ ಮಾಡಿದ್ದು. "ಈಗ ಶುದ್ಧ ಆತು," ಎಂದು ಮಾವ ಅದನ್ನು ಜಗಲಿಗೆ ತಂದ. ಹೆಂಚಿನ ಅಡಿಯಲ್ಲಿ ಕೂತು ಎರಡು ತಾಸು ಕಾದರೂ ಒಂದು ಉಪಗ್ರಹವೂ ಸಿಗಲಿಲ್ಲ. ಮೇಲೆ ಆಕಾಶ ತೆರೆದಿರಬೇಕು ಎಂದು ನಾನು ಪುಸ್ತಕ ಓದಿ ಹೇಳುತ್ತಿದ್ದೆ. ಮಾವ ಪಂಚಾಂಗ ನೋಡುತ್ತಿದ್ದ. ರಾಹುಕಾಲ ಕಳೆದ ಮೇಲೆ ಅಂಗಳಕ್ಕೆ ತಂದಿಟ್ಟ, ಒಂಬತ್ತು ಉಪಗ್ರಹ ಒಟ್ಟಿಗೇ ಸಿಕ್ಕವು. "ಆನು ಹೇಳಿದ್ನಲಿ?" ಎಂದು ನನ್ನ ಕಡೆ ನೋಡಿದ. ಏನು ಹೇಳೋಣ ಇಂಥವರಿಗೆ?

ಯಂತ್ರದಿಂದ ತಂತಿಯಲ್ಲಿ ನೀರಿಗೆ ಇಳಿಬಿಡುವ, ಆಳ ಅಳೆಯುವ ಕಣ್ಣಿನ ಪರೀಕ್ಷೆ ಮನೆಯ ಬಾವಿಯಲ್ಲಿ ನಡೆಯಿತು. ನಮ್ಮ ಕಡೆ ನೀರಿನ ಆಳವನ್ನು 'ಆಳು' ಲೆಕ್ಕದಲ್ಲಿ ಹೇಳುತ್ತಾರೆ. ಒಬ್ಬ ಮನುಷ್ಯನ ಎತ್ತರ ಒಂದು ಆಳು. ಬಾವಿಯಲ್ಲಿ ಐದಾಳು ನೀರಿದೆ ಎಂದು ಬಾವಿ ತೋಡಿಸಿದ ಅಜ್ಜ ಸಾಯುವವರೆಗೂ ಹೇಳುತ್ತಿದ್ದ. ಯಂತ್ರ ತೋರಿಸಿದ್ದು ಇಪ್ಪತ್ತೆರಡು ಅಡಿ. ನಾನು ಯಂತ್ರದ ಮೇಲೆ ಅನುಮಾನಪಟ್ಟೆ. ಮಾವ ಗೋಡೆಯ ಫೋಟೋ ನೋಡಿ ತೀರ್ಪು ಕೊಟ್ಟ: "ಮಷೀನ್ ಸರಿ ಇದ್ದು. ಅಜ್ಜ ಗಿಡ್ಡ ಇದ್ದಿದ್ದ."

ಮರುದಿನ ಜೋಡಣೆ. ದೋಣಿಯ ಹಿಂಬದಿಗೆ ತೂತು ಕೊರೆದು ಅಳೆಯುವ ಕಣ್ಣನ್ನು ಕೂರಿಸಿ ಎಂದು ಪುಸ್ತಕ ಹೇಳಿತು. "ದೋಣಿಗೆ ತೂತು ಮಾಡು ಹೇಳವ್ವು ಎಂತಾ ಜನವೋ," ಎಂದು ಮಾವ ಪುಸ್ತಕ ಮುಚ್ಚಿಸಿದ. ಅಡಿಕೆ ಕೊನೆ ಕೊಯ್ಯುವ ಹಳೇ ಬಿದಿರಿನ ದೋಟಿಯ ತುಂಡಿಗೆ ಅದನ್ನು ಬಿಗಿದು ದೋಣಿಯ ಪಕ್ಕಕ್ಕೆ ಕಟ್ಟಿದ. ಪರದೆಗೆ ನೀರು ಸಿಡಿಯದಂತೆ ಅಡಿಕೆ ಹಾಳೆಯ ಟೋಪಿ ಹೊಲಿದ. ಕಂಪನಿಯವರು ನೋಡಿದ್ದರೆ ಅತ್ತುಬಿಡುತ್ತಿದ್ದರು. ಆದರೆ ಅದು ಕೆಲಸ ಮಾಡಿತು!

ಇಷ್ಟೆಲ್ಲ ಆದ ಮೇಲೂ ಅತ್ತೆಯದು ಒಂದೇ ಮಾತು: "ಎಂತಾ ಮಷೀನ್ ತಂದ್ರೂ ಆನು ದೋಣಿ ಹತ್ತತ್ನಿಲ್ಲೆ."

ಮಾವ ವಾದ ಮಾಡಲಿಲ್ಲ. ಮೂರು ವಾರ ದಿನವೂ ದೋಣಿಯನ್ನು ಆಮೆಯಂತೆ ನಡೆಸಿ ನೀರನ್ನು ಅಳೆದ. ಯಂತ್ರ ಹೇಳಿದ್ದನ್ನು ಉದ್ದನೆಯ ದೋಟಿ ಇಳಿಸಿ ಮತ್ತೆ ನೋಡುತ್ತಿದ್ದ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮೊದಲು ಅವನು ದನ ಮೇಯಿಸಿದ ಕಾಡು ಅದು. ಪ್ರತಿ ಬೊಡ್ಡೆಯೂ ಪರಿಚಯ. ಭಾನುವಾರಗಳಂದು ನಾನು ಹೋಗಿ, ಅವನು ಹೇಳಿದ ಮರಗಳ ಹೆಸರುಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ತುಂಬುತ್ತಿದ್ದೆ. ಮತ್ತಿ, ಹೊನ್ನೆ, ಜೋಡಿ ನಂದಿ. ಕಡೆಗೆ ಈಚೆ ದಡದಲ್ಲಿ ಇಳಿಯುವ ಜಾಗ ಬಂತು.

"ಇದಕ್ಕೆ ಹುಲೇಕಲ್ ಹೇಳಿ ಬರಿ."

"ಮಾವ, ಹುಲೇಕಲ್ ಇರುವುದು ಶಿರಸಿ ತಾಲೂಕಿನಲ್ಲಿ. ಇಲ್ಲಿಂದ ಎರಡು ಬಸ್ಸು ಹತ್ತಬೇಕು."

"ಬಸ್ಸಿನ ದಾರಿ ನಿನ್ನ ಅತ್ತೆಗೆ ಗೊತ್ತಿದ್ದು. ನೀನು ಬರಿ."

ಬರೆದೆ. ಶಿರಸಿಗೆ ಬಂದು ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ವಾರ ನಾನು ಶನಿವಾರವೇ ಹೋದೆ. ಭಾನುವಾರ ಬೆಳಿಗ್ಗೆ ಅವತ್ತಿನಂತೆಯೇ ಮಂಜು. ಹಿಂದಿನ ದಿನ ಫೋನಿನಲ್ಲಿ ಮುದುಕಿ ಎಂದಿನ ಪ್ರಶ್ನೆ ಕೇಳಿರಲಿಲ್ಲ. "ಇರ್ಲಿ ಬಿಡು," ಎಂದಷ್ಟೇ ಹೇಳಿ ಇಟ್ಟಿದ್ದಳಂತೆ. ಅತ್ತೆ ದಡದವರೆಗೆ ಬಂದು ನಿಂತಳು. ಮಾವ ಹತ್ತು ಎನ್ನಲಿಲ್ಲ. "ಆನು ಹಗ್ಗ ಬಿಚ್ಚವು, ಇದ್ನ ಒಂಚೂರು ಹಿಡ್ಕ," ಎಂದು ಪರದೆಯನ್ನು ಅವಳ ಕೈಗೆ ಕೊಟ್ಟ. ಏಳನೇ ಕ್ಲಾಸು ಓದಿದ ಅತ್ತೆ ಬೆರಳಿಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿದಳು: ಹು, ಲೇ, ಕಲ್. ಕೂಡಿಸಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. ಆಮೇಲೆ ಸೀರೆ ಎತ್ತಿ ಕಟ್ಟಿ, ನನ್ನ ಭುಜ ಹಿಡಿದು ದೋಣಿಗೆ ಕಾಲಿಟ್ಟಳು.

ದೋಣಿ ಹೊರಟಿತು. ಅತ್ತೆ ನೀರನ್ನು ನೋಡಲೇ ಇಲ್ಲ, ಪರದೆ ನೋಡುತ್ತಾ ಆಳವನ್ನು ಗಟ್ಟಿಯಾಗಿ ಓದಿದಳು. ಮೂವತ್ತು, ಇಪ್ಪತ್ತಾರು, ಹದಿನಾಲ್ಕು. ಮತ್ತಿಯ ಗುರುತು ಬಂದಾಗ ಯಂತ್ರ ಕೂಗಿತು.

"ಇದೇ ಮರ ಅಲ್ದಾ?"

"ಹೌದು. ಎಡಕ್ಕೆ ಇದ್ದು, ಇಪ್ಪತ್ತಡಿ ದೂರ. ಅದರ ಪಾಡಿಗೆ ಅದು ಇರ್ಲಿ."

ಅತ್ತೆ ಎಡಕ್ಕೆ ತಿರುಗಿ ಮಂಜನ್ನು ನೋಡಿದಳು. ಆಮೇಲೆ ಕೇಳಿದಳು, "ಹುಲೇಕಲ್ಲಿಗೆ ಇನ್ನೆಷ್ಟು ದೂರ?"

"ಪರದೆಲಿ ಇದ್ದು, ನೋಡು."

"ಇನ್ನೂರು ಮೀಟರ್ ಹೇಳ್ತು." ಅವಳ ಕಣ್ಣು ತುಂಬಿ ಬಂತು. "ಇಷ್ಟು ಹತ್ರ ಇತ್ತಾ?"

ಮಾವ ಹುಟ್ಟು ಹಾಕುವುದನ್ನು ಮರೆತು ಕೂತಿದ್ದ. ನಾನೇ ಅವನ ಕೈಯಿಂದ ಹುಟ್ಟು ತೆಗೆದುಕೊಂಡು ಹುಲೇಕಲ್ಲಿನ ಕಡೆ ದೋಣಿ ನಡೆಸಿದೆ.